ಸೋಫಾ ಖಾಲಿ ಇದೆ, ಅತ್ತೆ ನೆಲದ ಮೇಲೆ ಕೂತಿದ್ದಾರೆ

ಪ್ರಶ್ನೆ: ದಾವಣಗೆರೆಯ ಕುಂದುವಾಡ ಕೆರೆಯ ಕಡೆ ಹೊಸ ಮನೆ ಕಟ್ಟಿ ಒಂದು ವರ್ಷವಾಯಿತು. ಮೊದಲು ಚಾಮರಾಜಪೇಟೆಯ ಹಳೇ ಬಾಡಿಗೆ ಮನೆಯಲ್ಲಿದ್ದೆವು. ಈಗಿನ ಹಾಲ್ 12 ಅಡಿಗೆ 14 ಅಡಿ. ಮೊಬೈಲಿನಲ್ಲಿ ಜಾಹೀರಾತು ನೋಡಿ ನೋಡಿ ಬೂದು ಬಣ್ಣದ ಎಲ್ ಆಕಾರದ ಸೋಫಾ, ಗಾಜಿನ ಟೀಪಾಯಿ, ಟಿವಿ ಯೂನಿಟ್ ಎಲ್ಲ ತರಿಸಿದೆವು. ಸೋಫಾದ ಇಎಂಐ ಇನ್ನೂ ನಡೆಯುತ್ತಿದೆ. ನಮ್ಮ ಅತ್ತೆಗೆ 72 ವರ್ಷ. ಅವರು ಸೋಫಾಕ್ಕೆ ಬೆನ್ನು ಕೊಟ್ಟು ನೆಲದ ಮೇಲೇ ಕೂರುತ್ತಾರೆ. ಬಂದವರು ಏನಂದುಕೊಳ್ಳುತ್ತಾರೋ ಅಂತ ನಮ್ಮ ಯಜಮಾನರಿಗೆ ಬೇಸರ. ನಿಜ ಹೇಳಬೇಕೆಂದರೆ ನನಗೂ ಆ ಹಾಲಿನಲ್ಲಿ ಆರಾಮ ಅನ್ನಿಸುತ್ತಿಲ್ಲ. ಫೋಟೋದಲ್ಲಿ ಇದ್ದ ಹಾಗೇ ತಂದಿದ್ದೇವೆ. ಫೋಟೋದಲ್ಲಿದ್ದ ಆರಾಮ ಎಲ್ಲಿ ಹೋಯಿತು? ತಪ್ಪು ನಮ್ಮದಾ? ಮನೆ ಅಂದರೆ ಹೀಗೇ ಇರಬೇಕು ಅಂತ ನಮ್ಮ ತಲೆಗೆ ಹಾಕಿದ್ದು ಯಾರು?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಟೇಪು ತಗೊಂಡು ಸೋಫಾದ ಆಳ ಅಳೆಯಿರಿ. ಕೂರುವ ಜಾಗದ ಮುಂದಿನ ಅಂಚಿನಿಂದ ಹಿಂದಿನ ಒರಗುವ ದಿಂಬಿನವರೆಗೆ ಎಷ್ಟಿದೆ ನೋಡಿ. ಎಲ್ ಆಕಾರದ ಸೋಫಾಗಳಲ್ಲಿ ಇದು ಸಾಮಾನ್ಯವಾಗಿ 22ರಿಂದ 24 ಇಂಚು ಇರುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಆಮೇಲೆ ಅತ್ತೆಯವರನ್ನು ಒಂದು ಗಟ್ಟಿ ಕುರ್ಚಿಯ ಮೇಲೆ ಕೂರಿಸಿ, ಬೆನ್ನಿನಿಂದ ಮೊಣಕಾಲಿನ ಹಿಂಭಾಗದವರೆಗೆ ಅಳೆಯಿರಿ. ಐದು ಅಡಿ ಆಸುಪಾಸಿನ ಹೆಂಗಸರಿಗೆ ಅದು ಸುಮಾರು 17, 18 ಇಂಚು ಬರುತ್ತದೆ.

ಈ ಐದಾರು ಇಂಚಿನ ವ್ಯತ್ಯಾಸದಲ್ಲಿ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇದೆ. ಅವರು ಬೆನ್ನು ಒರಗಿಸಿ ಕೂತರೆ ಕಾಲು ನೆಲ ಮುಟ್ಟುವುದಿಲ್ಲ. ಕಾಲು ನೆಲಕ್ಕೆ ಊರಿದರೆ ಬೆನ್ನಿಗೆ ಏನೂ ಸಿಗುವುದಿಲ್ಲ. ಮೆತ್ತನೆಯ ಫೋಮು ಬೇರೆ ಎರಡು ಇಂಚು ಕುಸಿಯುತ್ತದೆ. ಏಳುವಾಗ ಹಿಡಿದುಕೊಳ್ಳಲು ಕೈ ಇಲ್ಲ. ಅಂಥ ಜಾಗದಲ್ಲಿ 72 ವರ್ಷದವರು ಹೇಗೆ ಕೂರಬೇಕು ಹೇಳಿ. ಅವರು ಏನು ಮಾಡಿದ್ದಾರೆ ನೋಡಿ: ನೆಲದ ಮೇಲೆ ಕೂತು, ಸೋಫಾದ ಮುಂಭಾಗವನ್ನು ಬೆನ್ನಿಗೆ ಕೊಟ್ಟುಕೊಂಡಿದ್ದಾರೆ. ಮಂಡಿಪೇಟೆಯ ಹಳೇ ಅಂಗಡಿಗಳಲ್ಲಿ ಸಾಹುಕಾರರು ಗಾದಿಯ ಮೇಲೆ ಲೋಡಿಗೆ, ಅಂದರೆ ಗಟ್ಟಿಯಾದ ಉದ್ದ ದಿಂಬಿಗೆ, ಒರಗಿ ಕೂರುತ್ತಿದ್ದರಲ್ಲ, ಅದೇ ಭಂಗಿ. ಅವರು ಸೋಫಾವನ್ನು ಬಳಸುತ್ತಿಲ್ಲ ಅಂತ ನೀವು ಅಂದುಕೊಂಡಿದ್ದೀರಿ. ಅವರು ಅದನ್ನು ಲೋಡಿನ ಹಾಗೆ ಬಳಸುತ್ತಿದ್ದಾರೆ. ಆ ಸೋಫಾದಿಂದ ತಮ್ಮ ಮೈಗೆ ಒಗ್ಗುವ ಆರಾಮ ಎಷ್ಟು ತೆಗೆಯಬಹುದೋ ಅಷ್ಟನ್ನು ಅವರು ತೆಗೆದಿದ್ದಾರೆ. ತಪ್ಪು ಅವರದ್ದೂ ಅಲ್ಲ, ನಿಮ್ಮದೂ ಅಲ್ಲ.

ಇನ್ನು ಉಳಿದ ಅರ್ಧಕ್ಕೆ ಬರುತ್ತೇನೆ. ಅದು ಸ್ವಲ್ಪ ಉದ್ದ.

ನಾನು ಚಿತ್ರದುರ್ಗದವನು. ಈಗ ಮನೆಗಳ ಒಳಾಂಗಣ ಮಾಡಿಕೊಡುವ ಕೆಲಸ. ಅದಕ್ಕೂ ಮೊದಲು ಕೆಲವು ವರ್ಷ ಫರ್ನಿಚರ್ ಅಂಗಡಿಗಳಿಗೆ ಜಾಹೀರಾತು ಬರೆದಿದ್ದೇನೆ. ಪೇಪರಿನ ನಡುವೆ ಬರುವ ಪಾಂಪ್ಲೆಟ್, ಲೋಕಲ್ ಕೇಬಲ್ ಚಾನೆಲ್ಲಿನ ಪಟ್ಟಿ, ಪಿ.ಬಿ. ರಸ್ತೆಯ ದೊಡ್ಡ ಬೋರ್ಡು, ಎಲ್ಲ. 'ರಾಯಲ್ ಲುಕ್' ಅಂತ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. 'ನಿಮ್ಮ ಹಾಲಿಗೆ ಹೊಸ ಕಳೆ' ಅಂತಲೂ ಬರೆದಿದ್ದೇನೆ. ಆದರೆ ಕೂರುವ ಜಾಗದ ಎತ್ತರ ಎಷ್ಟು, ಆಳ ಎಷ್ಟು ಅಂತ ಒಂದು ಸಲವೂ ಬರೆಯಲಿಲ್ಲ. ಯಾರೂ ಬರೆಸಲಿಲ್ಲ. ಬರೆದ ಮಾತುಗಳೆಲ್ಲ ಕಣ್ಣಿಗೆ ಸಂಬಂಧಪಟ್ಟವು. ಲುಕ್, ಕಳೆ, ಮೆರುಗು, ಅಂದ. ಬಾಗಿಲಲ್ಲಿ ನಿಂತು ನೋಡುವವರಿಗೆ ಹೇಗೆ ಕಾಣುತ್ತದೆ ಅನ್ನುವುದನ್ನೇ ನಾವು ಮಾರುತ್ತಿದ್ದೆವು. ಕೂತವರ ಸೊಂಟದ ಮಾತು ಅಲ್ಲಿ ಬರಲೇ ಇಲ್ಲ.

ಒಂದು ದಿನ ದಾವಣಗೆರೆಯ ಒಂದು ಅಂಗಡಿಯಲ್ಲಿ ಫೋಟೋ ತೆಗೆಸುತ್ತಿದ್ದೆವು. ಬೆಳಿಗ್ಗೆಯಿಂದ ಸೋಫಾ ಎತ್ತಿ ಇಳಿಸಿ ಸುಸ್ತಾಗಿದ್ದ ಕೆಲಸದ ಹಿರಿಯರೊಬ್ಬರು ಮಧ್ಯಾಹ್ನ ಸುಮ್ನೆ ಅದರ ಮೇಲೆ ಕಾಲು ಮಡಚಿ ಚಕ್ಕಂಬಟ್ಟಲು ಹಾಕಿ ಕೂತರು. ಕಣ್ಣು ಮುಚ್ಚಿದರು. ಒಂದು ನಿಮಿಷ ಆಗಿರಬೇಕು, ಅಷ್ಟರಲ್ಲಿ ಅವರನ್ನು ಎಬ್ಬಿಸಿದೆವು. ದಿಂಬಿನ ಮೇಲೆ ಕೂತ ಗುರುತು ಬಿದ್ದಿತ್ತು. ಅದನ್ನು ತಟ್ಟಿ, ಉಬ್ಬಿಸಿ, ಸರಿ ಮಾಡಿ ಫೋಟೋ ತೆಗೆದೆವು. ಆ ದಿನ ಅಲ್ಲಿ ನಿಜವಾಗಿ ಆರಾಮ ಅನ್ನುವುದು ಕಂಡಿದ್ದು ಆ ಒಂದು ನಿಮಿಷ ಮಾತ್ರ. ಅದನ್ನೇ ನಾವು ಫೋಟೋದಿಂದ ತೆಗೆದು ಹಾಕಿದೆವು. ನನಗೆ ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಇನ್ನು ಮುಂದೆ ಸೋಫಾ ಜಾಹೀರಾತು ಬಂದಾಗ ಗಮನವಿಟ್ಟು ನೋಡಿ. ಬಹಳಷ್ಟು ಚಿತ್ರಗಳಲ್ಲಿ ಯಾರೂ ಕೂತಿರುವುದಿಲ್ಲ. ಕೂತಿದ್ದರೂ ಅಂಚಿನಲ್ಲಿ, ಕಾಫಿ ಕಪ್ಪು ಹಿಡಿದು, ಕಿಟಕಿ ಕಡೆ ನೋಡುತ್ತಾ ಕೂತಿರುತ್ತಾರೆ. ಮುದುಕರು ಅಪರೂಪ. ಪ್ಲಗ್ ಪಾಯಿಂಟ್, ವೈರು, ಒಣಗಲು ಹಾಕಿದ ಬಟ್ಟೆ, ಮಕ್ಕಳ ಸ್ಕೂಲ್ ಬ್ಯಾಗು, ಅಕ್ಕಿ ಮೂಟೆ ಯಾವುದೂ ಇಲ್ಲ. ಅಗಲ ಲೆನ್ಸಿನ ಕ್ಯಾಮೆರಾವನ್ನು ಸೊಂಟದ ಎತ್ತರಕ್ಕೆ ಇಳಿಸಿ, ಕೋಣೆಯ ಮೂಲೆಯಿಂದ ತೆಗೆಯುತ್ತಾರೆ. 12 ಅಡಿಯ ಕೋಣೆ 20 ಅಡಿಯ ಹಾಗೆ ಕಾಣುತ್ತದೆ. ಎಷ್ಟೋ ಸಲ ಕೋಣೆಯೇ ಇರುವುದಿಲ್ಲ. ಸ್ವೀಡನ್ನಿನ ಐಕಿಯಾ ಕಂಪನಿ 2006ರಲ್ಲಿ ಬರ್ಟಿಲ್ ಅನ್ನುವ ಮರದ ಕುರ್ಚಿಯ ಚಿತ್ರವನ್ನು ಕ್ಯಾಮೆರಾ ಇಲ್ಲದೆ ಕಂಪ್ಯೂಟರಿನಲ್ಲೇ ಮಾಡಿತು. 2014ರ ಹೊತ್ತಿಗೆ ಅವರ ವಸ್ತುಗಳ ಚಿತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಹೀಗೇ ಕಂಪ್ಯೂಟರಿನಲ್ಲಿ ಹುಟ್ಟಿದವು. ಅಂದರೆ ನಾವು ಆಸೆಪಟ್ಟು ನೋಡಿದ ಎಷ್ಟೋ ಮನೆಗಳಲ್ಲಿ ಒಂದು ದಿನವೂ ಯಾರೂ ಉಸಿರಾಡಿಲ್ಲ. ನಿಮ್ಮ ಫೋಟೋದಲ್ಲಿದ್ದ ಆರಾಮ ಎಲ್ಲಿಗೂ ಹೋಗಿಲ್ಲ. ಅದು ಅಲ್ಲಿ ಇರಲಿಲ್ಲ.

ಆರಾಮ ಅನ್ನುವ ಮಾತನ್ನೇ ಸ್ವಲ್ಪ ನೋಡೋಣ. ಅದು ಪರ್ಷಿಯನ್ ಭಾಷೆಯಿಂದ ನಮ್ಮ ಕಡೆ ಬಂದು ಮನೆಮಾತಾಗಿದೆ. ದಾವಣಗೆರೆಯಲ್ಲಿ ಯಾರಾದರೂ ಎದುರಾದರೆ ಮೊದಲು ಕೇಳುವುದು "ಆರಾಮ ಇದೀರಾ?" ಅಂತ. ಹುಷಾರಿಲ್ಲದಿದ್ದರೆ "ಮೈಯಾಗೆ ಆರಾಮಿಲ್ಲ" ಅನ್ನುತ್ತೇವೆ. ನಮ್ಮಲ್ಲಿ ಆರಾಮ ಇರುವುದು ಮನುಷ್ಯರಲ್ಲಿ. ಇಂಗ್ಲಿಷಿನ ಕಂಫರ್ಟ್ ಕೂಡ ಹಾಗೇ ಇತ್ತು. ದುಃಖದಲ್ಲಿದ್ದವರಿಗೆ ಸಮಾಧಾನ ಹೇಳುವುದು, ಬಲ ತುಂಬುವುದು, ಇದು ಅದರ ಹಳೇ ಅರ್ಥ. ಮೈಗೆ ಹಿತ, ಮನೆಯಲ್ಲಿ ಅನುಕೂಲ ಅನ್ನುವ ಅರ್ಥ ಮುಂದೆ ಬಂದಿದ್ದು 18ನೇ ಶತಮಾನದ ಈಚೆಗೆ. ಜಾಹೀರಾತು ಮಾಡಿದ ದೊಡ್ಡ ಕೆಲಸ ಇದು: ಮನುಷ್ಯರ ಒಳಗಿದ್ದ ಮಾತನ್ನು ಎತ್ತಿ ವಸ್ತುವಿನ ಒಳಗೆ ಇಟ್ಟಿತು. ಆಮೇಲೆ ಅದಕ್ಕೆ ಬೆಲೆ ಕಟ್ಟಿತು.

ಇದು ಹೇಗೆ ನಡೆಯಿತು ಅನ್ನುವುದಕ್ಕೆ ಅಮೆರಿಕದ ಒಂದು ಹಾಸಿಗೆ ಒಳ್ಳೇ ಉದಾಹರಣೆ. ಸಿಮನ್ಸ್ ಕಂಪನಿ 1925ರಲ್ಲಿ ಬ್ಯೂಟಿರೆಸ್ಟ್ ಅನ್ನುವ ಸ್ಪ್ರಿಂಗ್ ಹಾಸಿಗೆ ತಂದಿತು. ಬೆಲೆ 39 ಡಾಲರ್ 50 ಸೆಂಟ್. ಆ ಕಾಲಕ್ಕೆ ಹಾಸಿಗೆಗೆ ಇದು ತುಂಬಾ ದುಬಾರಿ. ಮಾರುವುದು ಹೇಗೆ? ಹೆನ್ರಿ ಫೋರ್ಡ್, ರೇಡಿಯೋದ ಮಾರ್ಕೋನಿ, ಬರ್ನಾರ್ಡ್ ಷಾ ಇಂಥವರ ಹೆಸರು ಹಾಕಿ ಜಾಹೀರಾತು ಮಾಡಿದರು. ದೊಡ್ಡ ಕೆಲಸ ಮಾಡುವವರಿಗೆ ಒಳ್ಳೇ ನಿದ್ದೆ ಬೇಕು, ಒಳ್ಳೇ ನಿದ್ದೆಗೆ ಈ ಹಾಸಿಗೆ ಬೇಕು ಅಂತ. ಹಾಸಿಗೆಯ ಒಳಗೆ ಏನಿದೆ ಅನ್ನುವುದು ಹಿಂದೆ ಸರಿಯಿತು. ಅದರ ಮೇಲೆ ಯಾರು ಮಲಗುತ್ತಾರೆ ಅನ್ನುವುದು ಮುಂದೆ ಬಂತು. ಸುಮಾರು ನೂರು ವರ್ಷ ಆದಮೇಲೂ ದಾರಿ ಅದೇ. ಬೆಂಗಳೂರಿನ ವೇಕ್‌ಫಿಟ್ 2019ರಲ್ಲಿ 'ನಿದ್ದೆ ಇಂಟರ್ನ್‌ಶಿಪ್' ಅಂತ ಘೋಷಿಸಿತು ನೆನಪಿದೆಯಾ? 100 ರಾತ್ರಿ, ದಿನಕ್ಕೆ 9 ಗಂಟೆ ಅವರ ಹಾಸಿಗೆಯ ಮೇಲೆ ಮಲಗಿದರೆ ಒಂದು ಲಕ್ಷ ರೂಪಾಯಿ. ಊರೆಲ್ಲ ಅದರ ಮಾತೇ. ಹಾಸಿಗೆ ಎಷ್ಟು ದಪ್ಪ, ಒಳಗೆ ಯಾವ ಫೋಮು ಅನ್ನುವುದು ಎಷ್ಟು ಜನರಿಗೆ ನೆನಪಿದೆ?

ಹಾಸಿಗೆಯ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಕಥೆಯೇ ಇದೆ. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ದಾವಣಗೆರೆ ಹತ್ತಿಯ ಊರು. ಮಿಲ್ಲುಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಇಲ್ಲಿ ಹಾಸಿಗೆ ಅಂದರೆ ಹತ್ತಿ ಗಾದಿ. ಅದನ್ನು ಮಾಡುವವರು ಪಿಂಜಾರರು. ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ಬೀದಿಯಲ್ಲಿ ಬಿಲ್ಲಿನ ಟಂಯ್ ಟಂಯ್ ಸದ್ದು ಕೇಳಿದರೆ ಗೊತ್ತಾಗುತ್ತಿತ್ತು. ಹಳೇ ಗಾದಿ ಬಿಚ್ಚಿ, ಗಂಟಾದ ಹತ್ತಿಯನ್ನು ಹಿಂಜಿ, ಬಿಸಿಲಿಗೆ ಹರವಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ಅಜ್ಜಿ ಪಕ್ಕದಲ್ಲೇ ಕೂತು ಹೇಳುತ್ತಿದ್ದಳು: ಇದು ನನಗೆ, ಗಟ್ಟಿ ತುಂಬು; ಅದು ಬಾಣಂತಿಗೆ, ಮೆತ್ತಗಿರಲಿ. ಪ್ರತಿ ಹಾಸಿಗೆಗೂ ಮಲಗುವವರ ಹೆಸರಿತ್ತು.

ಆಮೇಲೆ ತೆಂಗಿನ ನಾರಿನ ಹಾಸಿಗೆ ಬಂತು. ಕರ್ಲ್‌ಆನ್ ಶುರುವಾದದ್ದು 1962ರಲ್ಲಿ, ನಮ್ಮ ಕರ್ನಾಟಕದಲ್ಲೇ. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡುವ ಹಾಸಿಗೆ ಅದು. ಒಳ್ಳೇ ವಸ್ತುವೇ, ಅದರಲ್ಲಿ ನನಗೆ ಅನುಮಾನವಿಲ್ಲ. ಗಾಳಿಯಾಡುತ್ತದೆ, ಹತ್ತಿಯ ಹಾಗೆ ಗಂಟು ಕಟ್ಟುವುದಿಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಹಿಂಜಿಸುವ ಕೆಲಸ ತಪ್ಪಿತು. ಆದರೆ ಜಾಹೀರಾತುಗಳು ಇನ್ನೊಂದು ಕೆಲಸವನ್ನೂ ಮಾಡಿದವು. ಹತ್ತಿ ಗಾದಿ ಅಂದರೆ ಹಳ್ಳಿಯದು, ಹಳೇದು, ಬಡವರದ್ದು ಅನ್ನುವ ಹಾಗೆ ಆಯಿತು. ಮಲಗುವವರಿಗೆ ತಕ್ಕಂತೆ ತುಂಬುತ್ತಿದ್ದ ಹಾಸಿಗೆ ಹೋಯಿತು. ಎಲ್ಲರಿಗೂ ಒಂದೇ ಗಟ್ಟಿತನದ ಹಾಸಿಗೆ ಬಂತು.

ಅದರ ಮೇಲೆ 'ಆರ್ಥೋ' ಅನ್ನುವ ಮಾತು ಬಂತು. ಡಾಕ್ಟರೇ ಬರೆದುಕೊಟ್ಟ ಹಾಗೆ ಕೇಳಿಸುತ್ತದೆ. ಬೆನ್ನು ನೋವಿದ್ದರೆ ಕಲ್ಲಿನ ಹಾಗೆ ಗಟ್ಟಿ ಇರುವ ಹಾಸಿಗೆಯೇ ಬೇಕು ಅಂತ ಜನ ನಂಬಿದರು. 2003ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನಿನ ಒಂದು ಅಧ್ಯಯನ ಬಂದಿದೆ. ಬಹಳ ದಿನದಿಂದ ಸೊಂಟ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಧ್ಯಮ ಗಟ್ಟಿಯ ಹಾಸಿಗೆಯವರಿಗೇ ನೋವು ಜಾಸ್ತಿ ಕಡಿಮೆಯಾಯಿತು. ನಮ್ಮಜ್ಜಿ ಪಿಂಜಾರರಿಗೆ ಹೇಳುತ್ತಿದ್ದುದು ನೆನಪಾಯಿತು ನನಗೆ. ಅವಳು ಯಾವ ಹೆಸರೂ ಕೇಳುತ್ತಿರಲಿಲ್ಲ, ಕೈಯಿಂದ ಒತ್ತಿ ನೋಡುತ್ತಿದ್ದಳು.

ಈಗ ನಿಮ್ಮ ಯಜಮಾನರ ಬೇಸರಕ್ಕೆ ಬರೋಣ. "ಬಂದವರು ಏನಂದುಕೊಳ್ಳುತ್ತಾರೆ." ಈ ಮಾತು ಅವರೊಬ್ಬರದ್ದಲ್ಲ. ನಮ್ಮ ಕಡೆ ಫರ್ನಿಚರ್ ಮನೆಗೆ ಬಂದ ದಾರಿಯಲ್ಲೇ ಅದು ಇದೆ. ಬೀರುವನ್ನೇ ತೆಗೆದುಕೊಳ್ಳಿ. ಗೋದ್ರೇಜ್ ಕಂಪನಿ 1897ರಲ್ಲಿ ಬೀಗ ಮಾಡಲು ಶುರುಮಾಡಿತು, 1923ರಲ್ಲಿ ಉಕ್ಕಿನ ಬೀರು ಮಾಡಿತು. ಅವರು ಮಾರಿದ್ದು ಭದ್ರತೆಯನ್ನು. ಬೆಂಕಿಗೆ, ಕಳ್ಳರಿಗೆ, ಗೆದ್ದಲಿಗೆ ಹೆದರಬೇಕಿಲ್ಲ ಅಂತ. ಅದು ನಿಜವಾದ ಅನುಕೂಲ. ಆದರೆ ನಮ್ಮಲ್ಲಿ ಬೀರು ಮನೆಗೆ ಬರುತ್ತಿದ್ದುದು ಮದುವೆಯ ಜೊತೆಗೆ. ಯಾರು ಮಾಡಿದ ಬೀರುವಾದರೂ ಸರಿ, 'ಗಾದ್ರೇಜು' ಅಂತಲೇ ಕರೆಯುತ್ತಿದ್ದರು. ಮಂಚ, ಹಾಸಿಗೆ, ಬೀರು, ಡ್ರೆಸ್ಸಿಂಗ್ ಟೇಬಲ್, ಎಲ್ಲವನ್ನೂ ಲಗೇಜ್ ಆಟೋದಲ್ಲಿ ಹೇರಿಕೊಂಡು ಕಲ್ಯಾಣ ಮಂಟಪದ ಮುಂದೆ ಇಳಿಸುತ್ತಿದ್ದರು, ನಾಲ್ಕು ಜನ ನೋಡಲಿ ಅಂತ. ವರದಕ್ಷಿಣೆ ತಡೆ ಕಾಯ್ದೆ ಬಂದಿದ್ದು 1961ರಲ್ಲಿ. ಆದರೂ 'ಮದುವೆ ಪ್ಯಾಕೇಜ್' ಅನ್ನುವ ಪಾಂಪ್ಲೆಟ್ಟನ್ನು ನಾನೇ ಬರೆದಿದ್ದೇನೆ. ಇವತ್ತು ಆ ಕೆಲಸ ಬಂದರೆ ಮಾಡುವುದಿಲ್ಲ.

ಆ ಪ್ಯಾಕೇಜನ್ನು ಒಮ್ಮೆ ಯೋಚನೆ ಮಾಡಿ. ದುಡ್ಡು ಕೊಡುವವರು ಹುಡುಗಿಯ ಅಪ್ಪ. ನೋಡುವವರು ಮದುವೆಗೆ ಬಂದ ಜನ. ಮಲಗುವವಳು ಆ ಹುಡುಗಿ. ಅವಳನ್ನು ಅಂಗಡಿಗೆ ಕರೆದುಕೊಂಡು ಬಂದು "ಮಲಗಿ ನೋಡಮ್ಮ" ಅಂದಿದ್ದನ್ನು ನಾನು ಒಂದು ಸಲವೂ ನೋಡಲಿಲ್ಲ. ಅಂಗಡಿಯವರು ಯಾರ ಜೊತೆ ಮಾತಾಡುತ್ತಾರೋ ಅವರಿಗೆ ಒಪ್ಪುವ ವಸ್ತು ಮನೆಗೆ ಬರುತ್ತದೆ. ದುಡ್ಡು ಕೊಡುವವರಿಗೂ ನೋಡುವವರಿಗೂ ಒಪ್ಪುವ ವಸ್ತು ಬಂತು. ನಿಮ್ಮ ಸೋಫಾ ಕೂಡ ಇದೇ ದಾರಿಯಲ್ಲಿ ಬಂದಿದೆ. ಮೊಬೈಲ್ ನಿಮ್ಮ ಕೈಯಲ್ಲಿತ್ತು, ದುಡ್ಡು ಯಜಮಾನರದ್ದು. ಅತ್ತೆಯವರನ್ನು ಯಾರಾದರೂ ಕೇಳಿದ್ದರಾ?

ಹಾಗಂತ ಎಲ್ಲ ಜಾಹೀರಾತೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 1959ರಲ್ಲಿ ಬಂದ ಫೆವಿಕಾಲ್ ನೋಡಿ. ಅದಕ್ಕೂ ಮೊದಲು ಬಡಗಿಗಳು ಪ್ರಾಣಿಗಳ ತೊಗಲು, ಮೂಳೆ ಬೇಯಿಸಿ ಮಾಡಿದ ಅಂಟನ್ನು ಕಾಯಿಸಿ ಬಳಸುತ್ತಿದ್ದರು. ಕೆಟ್ಟ ವಾಸನೆ, ತುಂಬಾ ರಗಳೆ. ಫೆವಿಕಾಲಿನವರು ನೇರವಾಗಿ ಬಡಗಿಗಳ ಹತ್ತಿರ ಹೋದರು. ಅವರಿಗಾಗಿ ಡಿಸೈನ್ ಪುಸ್ತಕಗಳನ್ನು ಮಾಡಿದರು. ನಮ್ಮ ಬಡಗಿ ಆ ಪುಸ್ತಕ ತಂದು ಮನೆಯವರ ಮುಂದೆ ಬಿಚ್ಚುತ್ತಿದ್ದರು, ಎಲ್ಲರೂ ಸುತ್ತ ಕೂತು ಪುಟ ತಿರುಗಿಸುತ್ತಿದ್ದೆವು. ಅದೂ ಚಿತ್ರ ನೋಡಿ ಆಸೆಪಡುವುದೇ. ಆದರೆ ಚಿತ್ರ ನೋಡಿದ ಮೇಲೆ ಬಡಗಿ ಅಳತೆ ತೆಗೆಯುತ್ತಿದ್ದರು. ಅಜ್ಜನ ಕಾಲು ಗಿಡ್ಡ, ಎರಡಿಂಚು ಕಡಿಮೆ ಮಾಡೋಣ ಅನ್ನುತ್ತಿದ್ದರು. ಚಿತ್ರಕ್ಕೂ ಮನೆಗೂ ನಡುವೆ ಒಬ್ಬ ಮನುಷ್ಯ ಇದ್ದರು. 2019ರಲ್ಲಿ ಫೆವಿಕಾಲಿಗೆ 60 ವರ್ಷ ತುಂಬಿದಾಗ ಒಂದು ಜಾಹೀರಾತು ಬಂತು. ಒಂದೇ ಸೋಫಾ ಕಾಲದಿಂದ ಕಾಲಕ್ಕೆ ಬಟ್ಟೆ ಬದಲಾಯಿಸಿಕೊಂಡು ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತದೆ. ನನಗೆ ಅದು ತುಂಬಾ ಇಷ್ಟ. ಹೊಸದು ಕೊಳ್ಳಿ ಅನ್ನದೆ ಇದ್ದುದನ್ನು ಉಳಿಸಿಕೊಳ್ಳಿ ಅನ್ನುವ ಫರ್ನಿಚರ್ ಜಾಹೀರಾತು ಎಷ್ಟಿವೆ ಹೇಳಿ.

ನಮ್ಮ ಜಿಲ್ಲೆಗಳಲ್ಲಿ ಅತಿ ಹೆಚ್ಚು ಜನರಿಗೆ ಕೂರಲು ಜಾಗ ಕೊಟ್ಟ ಕುರ್ಚಿ ಯಾವುದು? ಪ್ಲಾಸ್ಟಿಕ್ ಕುರ್ಚಿ. ಒಂದೇ ಅಚ್ಚಿನಲ್ಲಿ, ಸುಮಾರು ಒಂದು ನಿಮಿಷದಲ್ಲಿ ತಯಾರಾಗುವ ಕುರ್ಚಿ. ಅದರ ಮೂಲ ರೂಪಗಳಲ್ಲಿ ಒಂದನ್ನು ಫ್ರಾನ್ಸಿನ ಹೆನ್ರಿ ಮಾಸೊನೆ 1972ರಲ್ಲಿ ಮಾಡಿದರು. ನಮ್ಮಲ್ಲಿ ನೀಲ್‌ಕಮಲ್ ಅಂದರೆ ಅದೇ. ಮದುವೆ, ಸಾವು, ಜಾತ್ರೆ, ಗ್ರಾಮಸಭೆ ಎಲ್ಲಕ್ಕೂ ಬೇಕು. ಅದರ ಜಾಹೀರಾತು ಒಂದಾದರೂ ನಿಮಗೆ ನೆನಪಿದೆಯಾ? ನನಗಿಲ್ಲ. ಕೈ ಇದೆ, ಒರಗು ಇದೆ, ನೀರು ಬಿದ್ದರೆ ಒರೆಸಿದರಾಯಿತು, ಒಂದೇ ಕೈಯಲ್ಲಿ ಎತ್ತಿ ಅಂಗಳಕ್ಕೆ ಒಯ್ಯಬಹುದು. ಅಂಗಳಕ್ಕೆ ಒಯ್ಯಬಹುದು ಅನ್ನುವುದು ಸಣ್ಣ ಮಾತಲ್ಲ. ನಮ್ಮ ಊರುಗಳಲ್ಲಿ ಆರಾಮ ಅನ್ನುವುದು ಬಹಳ ಮಟ್ಟಿಗೆ ಮನೆಯ ಹೊರಗೇ ಇತ್ತು. ಜಗಲಿ, ಕಟ್ಟೆ, ಬೇವಿನ ಮರದ ನೆರಳು. ಹೊರಸನ್ನು ಕೂಡ ಅಂಗಳಕ್ಕೇ ಹಾಕುತ್ತಿದ್ದರು.

ಅಮೆರಿಕದ ಲೇಜಿಬಾಯ್ ಕುರ್ಚಿಯ ಕಥೆಯೂ ಜಗಲಿಯಿಂದಲೇ ಶುರುವಾಗುತ್ತದೆ. 1928ರಲ್ಲಿ ಒಬ್ಬರಿಗೊಬ್ಬರು ಕಸಿನ್ ಆಗಬೇಕಾದ ಇಬ್ಬರು ಮರದ ಪಟ್ಟಿಗಳಿಂದ ಹಿಂದಕ್ಕೆ ವಾಲುವ ಕುರ್ಚಿ ಮಾಡಿದರು. ಜಗಲಿಯಲ್ಲಿ ಹಾಕಿಕೊಳ್ಳುವ ಕುರ್ಚಿ. ಅಂಗಡಿಯವರೊಬ್ಬರು, ಇದು ಬೇಸಿಗೆಯಲ್ಲಿ ಮಾತ್ರ ಮಾರುತ್ತದೆ, ಮೆತ್ತೆ ಹೊದಿಸಿ ಕೊಡಿ, ವರ್ಷವಿಡೀ ಮಾರಬಹುದು ಅಂದರು. ಹಾಗೆ ಜಗಲಿಯ ಕುರ್ಚಿ ಮನೆಯೊಳಗೆ ಹೋಯಿತು. ಮುಂದೆ ಟಿವಿ ಬಂದಮೇಲೆ ಅದರ ಕಡೆ ಮುಖ ಮಾಡಿ ಕೂತಿತು. ನಮ್ಮಲ್ಲೂ ಅಷ್ಟೇ. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾದಾಗ ಪಕ್ಕದ ಮನೆಯವರೆಲ್ಲ ಬಂದು ಚಾಪೆಯ ಮೇಲೆ ಕೂತು ನೋಡಿದರು. ನಂತರ ಶೋಕೇಸು ಬಂತು, ಅದರ ಎದುರಿಗೆ ಸೋಫಾ ಬಂತು. ಸೋಫಾ ಬಂದಮೇಲೆ ಪಕ್ಕದ ಮನೆಯವರು ಬರುವುದು ಕಡಿಮೆಯಾಯಿತು.

ನಿಮ್ಮ ಹಾಲಿನ ಲೆಕ್ಕ ಮಾಡೋಣ. 12 ಅಡಿಗೆ 14 ಅಡಿ ಅಂದರೆ 168 ಚದರಡಿ. ಸೋಫಾ ಸಾಮಾನ್ಯ ಅಳತೆಯದ್ದಾದರೆ, ಅಂದರೆ ಉದ್ದ ಕೈ 9 ಅಡಿ, ಗಿಡ್ಡ ಕೈ 6 ಅಡಿ, ಅಗಲ 3 ಅಡಿ ಇದ್ದರೆ, ಅದೊಂದೇ 36 ಚದರಡಿ ಹಿಡಿಯುತ್ತದೆ. ಟೀಪಾಯಿ, ಟಿವಿ ಯೂನಿಟ್ ಸೇರಿದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ನೆಲ ಹೋಯಿತು. ನಮ್ಮ ಬಯಲುಸೀಮೆಯಲ್ಲಿ ನೆಲವೇ ದೊಡ್ಡ ಆರಾಮ. ಏಪ್ರಿಲ್ ತಿಂಗಳಲ್ಲಿ ದುರ್ಗದ ಬಂಡೆಗಳು ರಾತ್ರಿ ಎಂಟರವರೆಗೂ ಬಿಸಿ ಉಗುಳುತ್ತವೆ. ಆಗ ಕಡಪ ಕಲ್ಲಿನ ನೆಲವೋ ರೆಡ್ ಆಕ್ಸೈಡ್ ನೆಲವೋ ಒರೆಸಿ, ಮಧ್ಯಾಹ್ನ ಹಾಗೇ ಮಲಗಿದರೆ ಸಿಗುವ ತಂಪು ಬೇರೆ ಎಲ್ಲೂ ಸಿಗುವುದಿಲ್ಲ. ನಿಮ್ಮ ಜಾಹೀರಾತಿನ ಬೂದು ಸೋಫಾ, ದಪ್ಪ ರತ್ನಗಂಬಳಿ, ಹಳದಿ ದೀಪ, ಉಣ್ಣೆಯ ಹೊದಿಕೆ ಹುಟ್ಟಿದ್ದು ಯುರೋಪಿನ ಉತ್ತರದಲ್ಲಿ. ಅಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಊರುಗಳಿವೆ. ಅವರಿಗೆ ಬೆಚ್ಚಗಿರುವುದೇ ಆರಾಮ. ಅವರ ಮನೆಗೆ ಅದು ಸರಿ. ನಮಗೆ ಬೇಕಾಗಿರುವುದು ತಂಪು. ಅತ್ತೆಯವರ ಮೈಗೆ ಅದು ಗೊತ್ತಿದೆ.

ಐಕಿಯಾದ ಕ್ಯಾಟಲಾಗ್ 1951ರಿಂದ 70 ವರ್ಷ ಬಂತು. ಜಾಸ್ತಿ ಅಚ್ಚಾದ ವರ್ಷದಲ್ಲಿ 20 ಕೋಟಿ ಪ್ರತಿ. 2022ರ ಜೂನ್‌ನಲ್ಲಿ ಅವರ ಅಂಗಡಿ ಬೆಂಗಳೂರಿನ ನಾಗಸಂದ್ರದಲ್ಲಿ ಶುರುವಾಯಿತು. ನಮ್ಮೂರ ಪಕ್ಕದಲ್ಲೇ ಹಾದುಹೋಗುವ ಹೆದ್ದಾರಿ ಹಿಡಿದು ಹೊರಟರೆ ನೇರ ಅಲ್ಲಿಗೇ ಹೋಗುತ್ತದೆ. ಹೋಗಿ ಬನ್ನಿ, ಅದರಲ್ಲಿ ತಪ್ಪಿಲ್ಲ. ಅಲ್ಲಿ ಒಂದು ಒಳ್ಳೇ ಪದ್ಧತಿಯೂ ಇದೆ: ಪ್ರತಿ ವಸ್ತುವಿನ ಚೀಟಿಯಲ್ಲಿ ಅಳತೆ ಬರೆದಿರುತ್ತಾರೆ, ಎಲ್ಲದರ ಮೇಲೂ ಕೂತು ನೋಡಬಹುದು. ಅತ್ತೆಯವರನ್ನೂ ಕರೆದುಕೊಂಡು ಹೋಗಿ.

ಇಎಂಐ ಬಗ್ಗೆ ಎರಡೇ ಮಾತು. 'ನೋ ಕಾಸ್ಟ್' ಅಂತ ಇದ್ದರೂ ಬ್ಯಾಂಕು ಬಡ್ಡಿ ಬಿಡುವುದಿಲ್ಲ. ಅಂಗಡಿಯವರು ಆ ಬಡ್ಡಿಯಷ್ಟನ್ನು ರಿಯಾಯಿತಿ ಅಂತ ತೋರಿಸುತ್ತಾರೆ. ಕ್ರೆಡಿಟ್ ಕಾರ್ಡಿನ ಇಎಂಐ ಆದರೆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಿಮ್ಮ ಮೇಲೇ ಬೀಳುತ್ತದೆ. ಸೊನ್ನೆ ಬಡ್ಡಿ ಅನ್ನುವುದು ನಿಜವಾಗಿ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಮುಂದಿನ ಸಲ ಪೂರ್ತಿ ದುಡ್ಡು ಕೊಡುವುದಾದರೆ ಆ ರಿಯಾಯಿತಿಯನ್ನು ನಮಗೇ ಕೊಡಿ ಅಂತ ಕೇಳಿ. ಕಂತಿನ ಮುಜುಗರ ಹೋಗಿಸುವುದೂ ಹಳೇ ಕಲೆ. 1920ರ ದಶಕದಲ್ಲಿ ಲಂಡನ್ನಿನ ಡ್ರೇಜಸ್ ಅಂಗಡಿ ಕಂತಿನ ಸಾಮಾನನ್ನು ಹೆಸರಿಲ್ಲದ ಗಾಡಿಯಲ್ಲಿ ಕಳಿಸುತ್ತೇವೆ ಅಂತ ಜಾಹೀರಾತು ಕೊಡುತ್ತಿತ್ತು, ನೆರೆಯವರಿಗೆ ಗೊತ್ತಾಗಬಾರದು ಅಂತ. ಚಿತ್ರದಲ್ಲಿ ತೋರಿಸಿದ್ದೇ ಒಂದು, ಬಂದಿದ್ದೇ ಇನ್ನೊಂದು ಆಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಇನ್ನು ನಿಮ್ಮ ಹಾಲಿಗೆ ಏನು ಮಾಡಬಹುದು ಹೇಳುತ್ತೇನೆ. ಸೋಫಾ ಮಾರಬೇಡಿ, ಅರ್ಧ ಬೆಲೆಯೂ ಸಿಗುವುದಿಲ್ಲ. ಎಲ್ ಆಕಾರದ ಸೋಫಾ ಸಾಮಾನ್ಯವಾಗಿ ಎರಡು ತುಂಡು, ಕೆಳಗೆ ಕ್ಲಿಪ್ಪಿನಿಂದ ಸೇರಿಸಿರುತ್ತಾರೆ. ಬಗ್ಗಿ ನೋಡಿ. ಬಿಡಿಸಲು ಬಂದರೆ ಗಿಡ್ಡ ತುಂಡನ್ನು ಕಿಟಕಿ ಪಕ್ಕಕ್ಕೋ ಮಲಗುವ ಕೋಣೆಗೋ ಹಾಕಿ. ಗಾಜಿನ ಟೀಪಾಯಿಯನ್ನು ನಡುವಿನಿಂದ ಎತ್ತಿ ಗೋಡೆಗೆ ಸರಿಸಿ. ನಡುವೆ ನೆಲ ಬಿಡುಗಡೆಯಾಗುತ್ತದೆ. ನಿಮಗೆ ಮೊದಲ ದಿನವೇ ಉಸಿರು ಸಡಿಲವಾಗುತ್ತದೆ, ನೋಡಿ.

ಸೋಫಾದ ಮೇಲೆ ಕೂರಲು ಬೆನ್ನ ಹಿಂದೆ ಐದಾರು ಇಂಚಿನ ಗಟ್ಟಿ ದಿಂಬು ಬೇಕು. ಕಾಲು ತೂಗಾಡುತ್ತಿದ್ದರೆ ಒಂದು ಮಣೆ ಇಡಿ. ಫೋಮು ಬದಲಾಯಿಸುವಾಗ ಅಂಗಡಿಯವರು '32 ಡೆನ್ಸಿಟಿ, 40 ಡೆನ್ಸಿಟಿ' ಅನ್ನುತ್ತಾರೆ. ಅದು ಒಂದು ಘನ ಮೀಟರಿಗೆ ಎಷ್ಟು ಕೆ.ಜಿ. ತೂಕ ಅನ್ನುವ ಲೆಕ್ಕ. ಡೆನ್ಸಿಟಿ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಹೆಚ್ಚು ದಿನ ಬಾಳುತ್ತದೆ. ಗಟ್ಟಿಯೋ ಮೆತ್ತಗೋ ಅನ್ನುವುದೇ ಬೇರೆ, ಅದನ್ನು ಕೂತೇ ನೋಡಬೇಕು.

ಅತ್ತೆಯವರಿಗೆ ಮೊಣಕಾಲು ನೋವಿದ್ದರೆ ನೆಲದಿಂದ ಏಳುವುದು ಕಷ್ಟ. ಆಗ ಒಂದು ಒಂಟಿ ಕುರ್ಚಿ ಬೇಕು. 17, 18 ಇಂಚು ಎತ್ತರ, ಎರಡೂ ಕಡೆ ಗಟ್ಟಿ ಕೈ, ಆಳ 18 ಇಂಚು ದಾಟಬಾರದು. ಬಡಗಿಗೆ ಹೇಳಿ ಮಾಡಿಸಿ, ಅವರನ್ನೇ ಕೂರಿಸಿ ಅಳತೆ ಕೊಡಿ. ನೋವಿಲ್ಲ, ನೆಲವೇ ಇಷ್ಟ ಅಂದರೆ ಅವರಿಗೆ ಅಲ್ಲೇ ಒಂದು ಒಳ್ಳೇ ಜಾಗ ಮಾಡಿಕೊಡಿ. ಕಿಟಕಿಯ ಗಾಳಿ ಬರುವ ಕಡೆ ಮೂರು ಇಂಚಿನ ಹತ್ತಿ ಗಾದಿ, ಅದರ ಮೇಲೆ ಒಗೆಯಲು ಬರುವ ಹೊದಿಕೆ. ಚಳಿಗಾಲಕ್ಕೆ ಚಳ್ಳಕೆರೆಯ ಕಂಬಳಿ. ಕಾಫಿ ಲೋಟ ಇಡಲು ಕೈಗೆ ಸಿಗುವ ಹಾಗೆ ಒಂದು ಗಿಡ್ಡ ಸ್ಟೂಲು. ಬಂದವರೂ ಅಲ್ಲಿಗೇ ಹೋಗಿ ಕೂರುತ್ತಾರೆ. ಎಷ್ಟೋ ಮನೆಗಳಲ್ಲಿ ನಾನು ಇದನ್ನು ನೋಡಿದ್ದೇನೆ.

ಹೊಸದೇನಾದರೂ ಕೊಳ್ಳುವ ಮೊದಲು ಅದರ ಅಳತೆಗೆ ಹಳೇ ಪೇಪರು ಹಾಸಿ ಎರಡು ದಿನ ಹಾಗೇ ಬಿಡಿ. ಅದನ್ನು ತುಳಿಯದೆ ಓಡಾಡಲು ಆಗುತ್ತಾ ನೋಡಿ.

ಲೋಡು ಮಾತ್ರ ಅಂಗಡಿಯದು ತರಬೇಡಿ, ಮಾಡಿಸಿ. ದಾವಣಗೆರೆಯ ಹಳೇ ಪೇಟೆಗಳಲ್ಲಿ ವಿಚಾರಿಸಿದರೆ ಹತ್ತಿ ತುಂಬಿ ಹೊಲಿಯುವವರು ಈಗಲೂ ಸಿಗುತ್ತಾರೆ. ಅತ್ತೆಯವರನ್ನು ಗೋಡೆಗೆ ಒರಗಿ ಕೂರಿಸಿ, ಬೆನ್ನಿಗೆ ಎಲ್ಲಿ ಆಸರೆ ಬೇಕು ಅಂತ ಅವರನ್ನೇ ಕೇಳಿ. ಆ ಎತ್ತರ ಗುರುತು ಮಾಡಿಕೊಂಡು ಹೋಗಿ. ಹತ್ತಿಯನ್ನು ಗಟ್ಟಿಯಾಗಿ ತುಂಬಲು ಹೇಳಿ. ಮೆತ್ತಗಿದ್ದರೆ ತಿಂಗಳಲ್ಲಿ ಕುಗ್ಗುತ್ತದೆ, ಬೆನ್ನು ನಿಲ್ಲುವುದಿಲ್ಲ.